‘ಲುಕಿಂಗ್ ಫಾರ್ವರ್ಡ್ ಟು’ ಆದಮೇಲೆ ಹಿಯರಾ, ಹಿಯರಿಂಗಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೇಲ್ ಕಳಿಸುವ ಅವಸರದಲ್ಲಿ ಇರುವವರು ಇಷ್ಟು ಓದಿ ಹೊರಡಬಹುದು. ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಸರಿ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಅನ್ನುವುದೂ ಸರಿ. ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ತಪ್ಪು. ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಅನ್ನುವುದೂ ತಪ್ಪು, ಅದು ಬೇರೆ ಜಾತಿಯ ತಪ್ಪು.

ಟೈಮ್ ಇರುವವರು ಕೂತ್ಕೊಳ್ಳಿ. ಯಾಕೆ ಅಂತ ತಿಳಿಯದೆ ಬಾಯಿಪಾಠ ಮಾಡಿದ್ದು ಹದಿನೈದು ದಿನ ನೆನಪಿರುತ್ತದೆ, ಹದಿನಾರನೇ ದಿನ ಕೈ ತಾನಾಗಿ ಹಳೇ ದಾರಿಗೇ ಹೋಗುತ್ತದೆ. ನನಗೆ ಹಾಗೇ ಆಗಿದ್ದು.

ಡಿಗ್ರಿ ಮುಗಿಸಿ ಕೆಲಸ ಹುಡುಕುವಾಗ ನಾನು ಕಳಿಸಿದ ಪ್ರತಿಯೊಂದು ಅರ್ಜಿಯ ಕೊನೆಯಲ್ಲೂ ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಅಂತಲೇ ಇತ್ತು. ಯಾರೋ ಸೀನಿಯರ್ ಕೊಟ್ಟ ಮಾದರಿ ಪತ್ರದಿಂದ ಎತ್ತಿಕೊಂಡ ಸಾಲು. ಅವರು ಇನ್ಯಾರ ಹತ್ತಿರ ಎತ್ತಿಕೊಂಡಿದ್ದರೋ ದೇವರಿಗೇ ಗೊತ್ತು. ಮೊದಲ ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆದಮೇಲೆ ಒಂದು ದಿನ ನಮ್ಮ ಬಾಸ್, ಕುಂದಾಪುರದ ಕಡೆಯವರು, ನಾನು ಕ್ಲೈಂಟ್‌ಗೆ ಬರೆದ ಪತ್ರದ ಪ್ರಿಂಟ್ ತಗೊಂಡು ಕೊನೇ ಸಾಲಿಗೆ ಪೆನ್ನಿನಲ್ಲಿ ಒಂದು ಸುತ್ತು ಹಾಕಿದರು. ಏನು ತಪ್ಪು ಅಂತ ನನಗೆ ಹೊಳೆಯಲೇ ಇಲ್ಲ. ‘ಟು’ ಆದಮೇಲೆ ‘ಹಿಯರ್’ ಬರಬೇಕಲ್ವಾ ಸಾರ್, ಟು ಗೋ, ಟು ಈಟ್, ಟು ಹಿಯರ್ ಅಂದೆ. ಅವರು ನಗುತ್ತಾ ಹೇಳಿದ್ದು ಒಂದೇ ಮಾತು: ‘ಈ ಟು ಆ ಟು ಅಲ್ಲ ಮಾರಾಯ.’

ಪೂರ್ತಿ ವ್ಯಾಕರಣ ಇರುವುದು ಆ ಒಂದು ಮಾತಿನಲ್ಲೇ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ‘ಟು’ ಕಥೆ

ಇಂಗ್ಲಿಷ್‌ನಲ್ಲಿ ‘ಟು’ ಅನ್ನೋ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಕನ್ನಡದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ, ಯಾಕೆಂದರೆ ನಮ್ಮಲ್ಲಿ ಆ ಎರಡು ಕೆಲಸಕ್ಕೆ ಎರಡು ಬೇರೆ ಬೇರೆ ಬಾಲ ಇವೆ. ‘ಐ ವೆಂಟ್ ಟು ಮೈಸೂರು’ ಅಂದರೆ ಮೈಸೂರಿಗೆ ಹೋದೆ. ಇಲ್ಲಿ ಟು ಅಂದರೆ ನಮ್ಮ ‘ಗೆ’, ‘ಕ್ಕೆ’. ಹೆಸರಿಗೆ ಅಂಟುವ ಟು ಇದು. ‘ಐ ವಾಂಟ್ ಟು ಗೋ’ ಅಂದಾಗ ಹೋಗಲು ಇಷ್ಟ, ಹೋಗಲು ಬಯಸುತ್ತೇನೆ. ಇಲ್ಲಿ ಟು ಅಂದರೆ ನಮ್ಮ ‘ಲು’. ಕ್ರಿಯಾಪದಕ್ಕೆ ಅಂಟುವ ಟು. ಶಾಲೆಯಲ್ಲಿ ನಮ್ಮ ತಲೆಗೆ ಗಟ್ಟಿಯಾಗಿ ಹೊಕ್ಕಿದ್ದು ಈ ಎರಡನೆಯದು. ಟು ಕಂಡರೆ ಸಾಕು, ಮುಂದೆ ಬರಿಯ ಕ್ರಿಯಾಪದ, ಬಾಲ ಇಲ್ಲ, ಐಎನ್‌ಜಿ ಇಲ್ಲ ಅಂತ ಕೈ ಬರೆದುಬಿಡುತ್ತದೆ.

‘ಲುಕ್ ಫಾರ್ವರ್ಡ್ ಟು’ದಲ್ಲಿರುವ ಟು ಮೊದಲನೆಯದು. ಮೈಸೂರಿಗೆ ಅಂಟುವ ಟು. ಅದರ ಮುಂದೆ ಒಂದು ಹೆಸರೇ ಬರಬೇಕು. ಹಬ್ಬ, ರಜೆ, ಮೀಟಿಂಗ್, ನಿಮ್ಮ ಉತ್ತರ, ಏನೋ ಒಂದು. ಅಲ್ಲಿ ಕ್ರಿಯಾಪದವನ್ನೇ ಕೂರಿಸಬೇಕು ಅಂತಿದ್ದರೆ ಅದಕ್ಕೆ ಹೆಸರಿನ ವೇಷ ಹಾಕಬೇಕು. ಇಂಗ್ಲಿಷ್‌ನಲ್ಲಿ ಆ ವೇಷವೇ ಐಎನ್‌ಜಿ. ಹಿಯರ್ ಹೋಗಿ ಹಿಯರಿಂಗ್, ಮೀಟ್ ಹೋಗಿ ಮೀಟಿಂಗ್, ಸೀ ಹೋಗಿ ಸೀಯಿಂಗ್.

ನಮ್ಮಲ್ಲೂ ಇದು ಹಾಗೇ ಇದೆ, ನಾವು ಗಮನಿಸಿರುವುದಿಲ್ಲ ಅಷ್ಟೇ. ‘ನಿಮ್ಮ ಉತ್ತರವನ್ನು ಎದುರು ನೋಡುತ್ತಿದ್ದೇನೆ’ ಅನ್ನುತ್ತೇವೆ. ಉತ್ತರ ಅನ್ನುವ ಹೆಸರಿನ ಜಾಗದಲ್ಲಿ ಕ್ರಿಯಾಪದ ತರಬೇಕಾದರೆ ‘ನಿಮ್ಮನ್ನು ಭೇಟಿಯಾಗುವುದನ್ನು ಎದುರು ನೋಡುತ್ತಿದ್ದೇನೆ’ ಅನ್ನಬೇಕು. ಆಗು ಅನ್ನುವುದು ‘ಆಗುವುದು’ ಆಯಿತು, ಅದಕ್ಕೆ ‘ಅನ್ನು’ ಅಂಟಿತು. ನಮ್ಮ ‘ಉವುದು’ ಮಾಡುವ ಕೆಲಸವನ್ನೇ ಅವರ ಐಎನ್‌ಜಿ ಇಲ್ಲಿ ಮಾಡುತ್ತಿದೆ. ಇನ್ನೊಂದು ತಮಾಷೆ ನೋಡಿ, ‘ಎದುರು ನೋಡು’ ಅನ್ನುವುದನ್ನೂ ‘ಲುಕ್ ಫಾರ್ವರ್ಡ್’ ಅನ್ನುವುದನ್ನೂ ಪಕ್ಕ ಪಕ್ಕ ಇಡಿ. ನೋಡು, ಲುಕ್. ಎದುರು, ಫಾರ್ವರ್ಡ್. ಎಲ್ಲೋ ಇದ್ದ ಎರಡು ಭಾಷೆಗಳು ಕಾಯುವ ಖುಷಿಗೆ ಒಂದೇ ಚಿತ್ರ ಆರಿಸಿಕೊಂಡಿವೆ: ದಾರಿಯ ಕಡೆ ಮುಖ ಮಾಡಿ ನಿಂತ ಮನುಷ್ಯ. ನಮ್ಮಜ್ಜಿ ‘ನಿನ್ ದಾರಿನೇ ನೋಡ್ತಿದ್ದೆ ಕಣೋ’ ಅನ್ನುತ್ತಿದ್ದರಲ್ಲ, ಅದೇ.

ದೀಪಾವಳಿ ಪರೀಕ್ಷೆ

ಯಾವ ಟು ಅಂತ ಬರೆಯುವ ಹೊತ್ತಿಗೆ ಹೇಗೆ ಗೊತ್ತಾಗಬೇಕು? ನಾನು ಮಾಡುವುದು ಇಷ್ಟು. ಟು ಆದಮೇಲೆ ಕ್ರಿಯಾಪದ ತೆಗೆದು ಅಲ್ಲಿ ‘ದೀಪಾವಳಿ’ ಇಡುತ್ತೇನೆ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ದೀಪಾವಳಿ.’ ಕಿವಿಗೆ ಚೆನ್ನಾಗಿ ಕೂತಿತು. ಹಾಗಾದರೆ ಇದು ಹೆಸರಿನ ಟು, ಕ್ರಿಯಾಪದ ಬಂದರೆ ಐಎನ್‌ಜಿ ಬೇಕು. ‘ಐ ವಾಂಟ್ ಟು ದೀಪಾವಳಿ.’ ಏನೇನೂ ಅರ್ಥ ಆಗಲಿಲ್ಲ. ಹಾಗಾದರೆ ಇದು ಕ್ರಿಯಾಪದದ ಟು, ಬರಿಯ ‘ಗೋ’ ಸಾಕು. ‘ಐ ಹೋಪ್ ಟು ದೀಪಾವಳಿ’ ಕೂಡ ಆಗುವುದಿಲ್ಲ, ಅದಕ್ಕೇ ‘ಐ ಹೋಪ್ ಟು ಹಿಯರ್ ಫ್ರಮ್ ಯು’ ಅನ್ನುವುದು ಪಕ್ಕಾ ಸರಿ.

ಇಲ್ಲಿ ಒಂದು ನಿಮಿಷ ನಿಲ್ಲಿ. ‘ಹೋಪ್ ಟು ಹಿಯರ್’ ಸರಿ, ‘ಲುಕ್ ಫಾರ್ವರ್ಡ್ ಟು ಹಿಯರಿಂಗ್’ ಸರಿ. ಎರಡೂ ಪತ್ರದ ಕೊನೆಯಲ್ಲಿ ಒಂದೇ ಜಾಗದಲ್ಲಿ ಬರುವ ಸಾಲುಗಳು, ಅರ್ಥವೂ ಹತ್ತಿರ ಹತ್ತಿರ. ಎರಡನ್ನೂ ಓದಿ ಓದಿ ತಲೆಯಲ್ಲಿ ಕಲಸಿಹೋಗಿ ಮೂರನೆಯದೊಂದು ಹುಟ್ಟಿಕೊಂಡಿದೆ ಅಂತ ನನ್ನ ಅನುಮಾನ. ‘ಐ ಹೋಪ್ ಟು ಹಿಯರಿಂಗ್’ ಅಂತ ಉಲ್ಟಾ ತಪ್ಪು ಮಾಡುವವರನ್ನೂ ನೋಡಿದ್ದೇನೆ. ಹಿಯರಿಂಗ್ ಸರಿ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ, ಇವರು ಸಿಕ್ಕಲ್ಲೆಲ್ಲ ಹಾಕಿಬಿಡುತ್ತಾರೆ.

ದೀಪಾವಳಿ ಪರೀಕ್ಷೆ ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ. ‘ಐ ಆಮ್ ಯೂಸ್ಡ್ ಟು ಬೆಂಗಳೂರು ಟ್ರಾಫಿಕ್’ ಅನ್ನಬಹುದು, ಹಾಗಾಗಿ ‘ಐ ಆಮ್ ಯೂಸ್ಡ್ ಟು ಡ್ರೈವಿಂಗ್ ಇನ್ ಬೆಂಗಳೂರು’. ಅಂದರೆ ರೂಢಿ ಆಗಿದೆ. ಇದರ ‘ಆಮ್’ ತೆಗೆದರೆ ವಿಷಯವೇ ಬದಲಾಗುತ್ತದೆ. ‘ಐ ಯೂಸ್ಡ್ ಟು ಡ್ರೈವ್’ ಅಂದರೆ ಹಿಂದೆ ಓಡಿಸುತ್ತಿದ್ದೆ, ಈಗ ಇಲ್ಲ. ಅಲ್ಲಿ ಐಎನ್‌ಜಿ ಬೇಡ. ಒಂದು ‘ಆಮ್’ ಇದ್ದರೆ ರೂಢಿ, ಇಲ್ಲದಿದ್ದರೆ ಹಳೇ ಕಥೆ. ‘ಆಬ್ಜೆಕ್ಟ್ ಟು’, ‘ಇನ್ ಅಡಿಷನ್ ಟು’, ‘ವಿತ್ ಎ ವ್ಯೂ ಟು’, ‘ವೆನ್ ಇಟ್ ಕಮ್ಸ್ ಟು’, ಇವೆಲ್ಲ ‘ಲುಕ್ ಫಾರ್ವರ್ಡ್ ಟು’ವಿನ ಮನೆಯವರೇ. ‘ವಿತ್ ಎ ವ್ಯೂ ಟು ಇಂಪ್ರೂವ್’ ಅಂತ ಎಷ್ಟು ಆಫೀಸ್ ಸುತ್ತೋಲೆಗಳಲ್ಲಿ ಓದಿದ್ದೇನೋ. ಅಲ್ಲಿ ‘ಇಂಪ್ರೂವಿಂಗ್’ ಆಗಬೇಕು.

ಆದರೆ ಈ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಇದು ಕೆಲವು ಕಡೆ ಕೈಕೊಡುತ್ತದೆ. ‘ಐ ಆಮ್ ಗೋಯಿಂಗ್ ಟು ಮೈಸೂರು’ ಸರಿ ಅಂತ ‘ಐ ಆಮ್ ಗೋಯಿಂಗ್ ಟು ಈಟಿಂಗ್’ ಅನ್ನಲು ಬರುವುದಿಲ್ಲ. ‘ದೇ ಅಗ್ರೀಡ್ ಟು ದಿ ಪ್ಲ್ಯಾನ್’ ಸರಿ, ‘ದೇ ಅಗ್ರೀಡ್ ಟು ಪೇ’ ಕೂಡ ಸರಿ. ಇಂಥವು ಎರಡೂ ದೋಣಿಯಲ್ಲಿ ಕಾಲಿಟ್ಟವು. ಅದೃಷ್ಟಕ್ಕೆ ‘ಲುಕ್ ಫಾರ್ವರ್ಡ್ ಟು’ ಹಾಗಲ್ಲ, ಅದು ಒಂದೇ ದೋಣಿಯಲ್ಲಿ ಭದ್ರವಾಗಿ ಕೂತಿದೆ.

ಕೆಲವರು ಕೇಳಬಹುದು: ‘ನಾವು ಮಾತಾಡುವಾಗ ಹೋಗಲು ಅನ್ನಲ್ಲ, ಹೋಗೋಕೆ ಅಂತೀವಿ, ಹೋಗಲಿಕ್ಕೆ ಅಂತೀವಿ. ಅಲ್ಲಿ ಕ್ಕೆ ಇದೆಯಲ್ಲ, ಮತ್ತೆ ಲು ಬೇರೆ ಕ್ಕೆ ಬೇರೆ ಅಂತ ಯಾಕೆ ಹೇಳಿದ್ರಿ?’ ಒಳ್ಳೇ ಪ್ರಶ್ನೆ. ಹೌದು, ‘ಹೋಗೋಕೆ’ ಅನ್ನುವುದು ‘ಹೋಗುವುದಕ್ಕೆ’ ಸವೆದು ಬಂದಿದ್ದು. ಮಜಾ ಏನೆಂದರೆ ಇಂಗ್ಲಿಷ್‌ನಲ್ಲೂ ಇದೇ ಆಗಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಕ್ರಿಯಾಪದಕ್ಕೆ ಒಂದು ಬಾಲ ಅಂಟಿಸಿ ಅದರ ಮುಂದೆ ‘ಟು’ ಇಡುತ್ತಿದ್ದರು. ಆಗ ಅದು ‘ಕ್ಕೆ’ ಅನ್ನುವ ಟುವೇ ಆಗಿತ್ತು. ಬರಬರುತ್ತಾ ಬಾಲ ಉದುರಿತು, ಟು ಮಾತ್ರ ಉಳಿಯಿತು, ಈಗ ಅದನ್ನು ನೋಡಿದರೆ ಎರಡು ಬೇರೆ ಪದ ಅನ್ನಿಸುತ್ತದೆ. ಅಂದರೆ ಗೊಂದಲಕ್ಕೆ ನಾವೊಬ್ಬರೇ ಕಾರಣ ಅಲ್ಲ, ಆ ಭಾಷೆಯ ಹೊಟ್ಟೆಯಲ್ಲೇ ಅದಿದೆ. ಜರ್ಮನ್ ಮಾತಾಡುವವರೂ ಇದೇ ತಪ್ಪು ಮಾಡುತ್ತಾರೆ, ಯಾಕೆಂದರೆ ಅವರ ಪತ್ರದ ಕೊನೆಯ ಸಾಲಿನಲ್ಲಿ ‘ತ್ಸು ಹೋರೆನ್’ ಅಂತ ಬರುತ್ತದೆ, ಅಕ್ಷರಕ್ಕೆ ಅಕ್ಷರ ‘ಟು ಹಿಯರ್’.

ಈ ‘ಫಾರ್’ ಎಲ್ಲಿಂದ ಬಂತು

ಇದು ಮಾತ್ರ ನೇರ ನಮ್ಮ ಮನೆಯದು. ‘ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ.’ ಕಾಯುವುದಕ್ಕೆ ‘ಗಾಗಿ’ ಬೇಕು. ಇಂಗ್ಲಿಷ್‌ನಲ್ಲೂ ವೇಟ್‌ಗೆ ‘ಫಾರ್’ ಬೇಕು. ಇಲ್ಲಿ ಎರಡೂ ಭಾಷೆ ಚೆನ್ನಾಗಿ ಹೊಂದಿಕೊಂಡಿವೆ, ತೊಂದರೆ ಇಲ್ಲ. ‘ವೇಟಿಂಗ್ ಫಾರ್ ಯುವರ್ ರಿಪ್ಲೈ’ ವ್ಯಾಕರಣದ ಲೆಕ್ಕದಲ್ಲಿ ಸರಿ. ತಲೆಯಲ್ಲಿ ‘ಕಾಯುತ್ತಿದ್ದೇನೆ’ ಅಂತ ಇಟ್ಟುಕೊಂಡು ಕೈಯಲ್ಲಿ ‘ಲುಕಿಂಗ್ ಫಾರ್ವರ್ಡ್’ ಅಂತ ಬರೆಯುತ್ತೇವಲ್ಲ, ಅಲ್ಲಿ ಎಡವಟ್ಟು. ಗಾಗಿ ಜೊತೆಗೇ ಬಂದುಬಿಡುತ್ತದೆ. ಸಾಲದು ಅಂತ ‘ಲುಕಿಂಗ್ ಫಾರ್’ ಅನ್ನುವ ಇನ್ನೊಂದು ಪದ ಬೇರೆ ಇದೆ, ಹುಡುಕುವುದು ಅನ್ನುವ ಅರ್ಥದ್ದು, ಅದೂ ಕಿವಿಯಲ್ಲಿ ಗುಂಯ್‌ಗುಡುತ್ತಿರುತ್ತದೆ. ‘ಫಾರ್ವರ್ಡ್’ ಅನ್ನುವುದರಲ್ಲೇ ಒಂದು ‘ಫಾರ್’ ಇದೆಯಲ್ಲ ಅಂತ ಮತ್ತೊಂದು ಫಾರ್ ಎಳೆದುಕೊಂಡು ಬರುತ್ತದೇನೋ, ಗೊತ್ತಿಲ್ಲ.

ಮದ್ದು ಸುಲಭ. ಕನ್ನಡದಲ್ಲೇ ಯೋಚಿಸುವುದಾದರೆ ‘ಕಾಯುತ್ತಿದ್ದೇನೆ’ ಬಿಟ್ಟು ‘ಎದುರು ನೋಡುತ್ತಿದ್ದೇನೆ’ ಅಂತ ಯೋಚಿಸಿ. ಎದುರು ನೋಡುವುದಕ್ಕೆ ನಮ್ಮಲ್ಲೂ ಗಾಗಿ ಬೇಕಿಲ್ಲ. ಉತ್ತರವನ್ನು ಎದುರು ನೋಡುತ್ತೇವೆ. ಗಾಗಿ ಹೋಯಿತು, ಫಾರ್ ಕೂಡ ಹೋಯಿತು.

‘ಐ ಲುಕ್ ಫಾರ್ವರ್ಡ್ ದಟ್ ಯು ವಿಲ್ ಕಮ್’ ಅಂತಲೂ ಬರೆಯುತ್ತಾರೆ. ನೀವು ಬರುತ್ತೀರಿ ಅಂತ ಎದುರು ನೋಡುತ್ತೇನೆ. ಇದು ಆಗುವುದಿಲ್ಲ, ಈ ಕ್ರಿಯಾಪದ ‘ದಟ್’ ಸಹಿಸುವುದಿಲ್ಲ. ‘ಐ ಹೋಪ್ ಯು ವಿಲ್ ಕಮ್’ ಅಂದುಬಿಡಿ, ಮುಗೀತು. ಇಲ್ಲ, ಲುಕ್ ಫಾರ್ವರ್ಡೇ ಬೇಕು ಅಂದರೆ ‘ಐ ಲುಕ್ ಫಾರ್ವರ್ಡ್ ಟು ಯುವರ್ ವಿಸಿಟ್’.

ಕೇಳು ಅಂದರೆ ಮೂರು

ಕನ್ನಡದ ‘ಕೇಳು’ ಮಹಾ ಉದಾರಿ. ಸದ್ದು ಕೇಳುತ್ತದೆ, ಹಾಡು ಕೇಳುತ್ತೇವೆ, ಪ್ರಶ್ನೆ ಕೇಳುತ್ತೇವೆ, ಸಾಲ ಕೂಡ ಕೇಳುತ್ತೇವೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಹಿಯರ್, ಲಿಸನ್, ಆಸ್ಕ್ ಅಂತ ಮೂರು ಪದ. ಅದರಿಂದಲೇ ‘ಲುಕಿಂಗ್ ಫಾರ್ವರ್ಡ್ ಟು ಲಿಸನ್ ಫ್ರಮ್ ಯು’ ಹುಟ್ಟುವುದು. ಲಿಸನ್ ಅಂದರೆ ಕಿವಿಗೊಟ್ಟು ಆಲಿಸುವುದು, ಅದಕ್ಕೆ ಇಲ್ಲಿ ಕೆಲಸ ಇಲ್ಲ. ‘ಹಿಯರ್ ಫ್ರಮ್’ ಅನ್ನುವುದು ಒಂದು ಜೋಡಿ ಪದ, ಅದರ ಅರ್ಥ ಕಿವಿಗೆ ಸಂಬಂಧಪಟ್ಟದ್ದೇ ಅಲ್ಲ. ಅವರಿಂದ ಸುದ್ದಿ ಬರುವುದು, ಕಾಗದ ಬರುವುದು, ಮೇಲ್ ಬರುವುದು, ಫೋನ್ ಬರುವುದು, ಯಾವುದಾದರೂ ಸರಿ. ‘ಹಿಯರಿಂಗ್ ಯು’ ಅಂದರೆ ನಿಮ್ಮ ದನಿ ಕೇಳುವುದು, ಸಂಗೀತ ಕಛೇರಿ ಇಟ್ಟುಕೊಂಡಿದ್ದಾರೆ ಅಂದರೆ ಹಾಗೆ ಬರೆಯಬಹುದು. ‘ಹಿಯರಿಂಗ್ ಅಬೌಟ್ ಯು’ ಅಂದರೆ ನಿಮ್ಮ ಬಗ್ಗೆ ಬೇರೆಯವರಿಂದ ಕೇಳುವುದು. ಅದನ್ನು ಮೇಲ್‌ನಲ್ಲಿ ಬರೆದರೆ ಸ್ವಲ್ಪ ಹೆದರಿಕೆ ಹುಟ್ಟಿಸುತ್ತದೆ.

‘ಹಿಯರಿಂಗ್ ಬ್ಯಾಕ್ ಫ್ರಮ್ ಯು’ ಅಂತಲೂ ಇದೆ. ನೀವು ಏನೋ ಕೇಳಿದ್ದೀರಿ, ಅದಕ್ಕೆ ಅವರು ಉತ್ತರ ಕೊಡಬೇಕಿದೆ, ಆಗ ‘ಬ್ಯಾಕ್’ ಸೇರಿಸಿದರೆ ಚೆನ್ನ. ಇಲ್ಲದಿದ್ದರೂ ನಷ್ಟ ಇಲ್ಲ.

ಸ್ಪೆಲಿಂಗ್ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಕನ್ನಡದಲ್ಲಿ ಹಿಯರ್ ಅಂತ ಒಂದೇ ರೀತಿ ಬರೆದರೂ ಇಂಗ್ಲಿಷ್‌ನಲ್ಲಿ ಇಲ್ಲಿ ಅನ್ನುವ ಹಿಯರ್ ಬೇರೆ, ಕೇಳು ಅನ್ನುವ ಹಿಯರ್ ಬೇರೆ. ಕೇಳುವ ಹಿಯರ್‌ನ ಒಳಗೆ ‘ಇಯರ್’, ಅಂದರೆ ಕಿವಿ ಅಡಗಿದೆ. ಹಾಗೆ ನೆನಪಿಟ್ಟುಕೊಳ್ಳಿ. ಫಾರ್ವರ್ಡ್‌ನಲ್ಲಿ ‘ಎಫ್ ಓ ಆರ್’ ಆದಮೇಲೆ ‘ಇ’ ಇಲ್ಲ. ‘ಇ’ ಸೇರಿಸಿ ಕೊನೆಯಲ್ಲಿ ‘ವರ್ಡ್’ ಅಂದರೆ ಪದ ಅನ್ನುವುದನ್ನು ಹಾಕಿದರೆ ಅದು ಪುಸ್ತಕದ ಮುನ್ನುಡಿ ಆಗುತ್ತದೆ. ಸ್ಪೆಲ್ ಚೆಕ್ ಇದ್ಯಾವುದನ್ನೂ ಹಿಡಿಯುತ್ತದೆ ಅಂತ ನಂಬಿ ಕೂರಬೇಡಿ. ಎಲ್ಲವೂ ನಿಜವಾದ ಪದಗಳೇ, ಸ್ಪೆಲಿಂಗ್ ಅಷ್ಟೇ ನೋಡುವ ತಂತ್ರಾಂಶಕ್ಕೆ ಅದರಲ್ಲಿ ಏನು ತಪ್ಪು ಕಾಣಬೇಕು?

ಅಂದಹಾಗೆ ಈಗ ಉಲ್ಟಾ ಗಾಳಿಯೂ ಬೀಸುತ್ತಿದೆ. ಆ್ಯಪ್‌ಗಳಲ್ಲಿ, ಕಂಪನಿಗಳ ಕನ್ನಡ ಸಂದೇಶಗಳಲ್ಲಿ ‘ನಿಮ್ಮಿಂದ ಕೇಳಲು ಎದುರು ನೋಡುತ್ತಿದ್ದೇವೆ’ ಅಂತ ಬರುತ್ತದೆ. ಏನು ಕೇಳಲು? ಸಾಲವಾ? ‘ನಿಮ್ಮ ಉತ್ತರ ಎದುರು ನೋಡುತ್ತೇವೆ’ ಅಂದಿದ್ದರೆ ನಮ್ಮಜ್ಜಿಗೂ ಅರ್ಥ ಆಗುತ್ತಿತ್ತು.

‘ಲುಕ್’ ಅನ್ನಬೇಕಾ, ‘ಲುಕಿಂಗ್’ ಅನ್ನಬೇಕಾ

ಎರಡೂ ಆಗುತ್ತದೆ, ವ್ಯತ್ಯಾಸ ಇರುವುದು ಮುಖಭಾವದಲ್ಲಿ. ‘ಐ ಲುಕ್ ಫಾರ್ವರ್ಡ್ ಟು’ ಅನ್ನುವುದು ಇಸ್ತ್ರಿ ಮಾಡಿದ ಷರ್ಟು. ಅರ್ಜಿ, ಕ್ಲೈಂಟ್, ಗುರುತಿಲ್ಲದವರು, ದೊಡ್ಡವರು ಇವರಿಗೆ ಇದು. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು’ ಸ್ವಲ್ಪ ಬೆಚ್ಚಗೆ, ಹತ್ತಿರದವರಿಗೆ, ಗೊತ್ತಿರುವ ಸಹೋದ್ಯೋಗಿಗೆ. ಮೂರನೆಯದು ‘ಐ ಆಮ್’ ಕೂಡ ಬಿಟ್ಟು ಬರಿಯ ‘ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’. ದಿನನಿತ್ಯದ ಮೇಲ್‌ಗಳಲ್ಲಿ ಇದು ಧಾರಾಳವಾಗಿ ನಡೆಯುತ್ತದೆ, ಯಾರೂ ಬೈಯುವುದಿಲ್ಲ. ಪರೀಕ್ಷೆಯಲ್ಲಿ, ಕಾಗದದ ಮೇಲೆ ಹೋಗುವ ಪತ್ರದಲ್ಲಿ, ವೀಸಾ ಗೀಸಾ ಅರ್ಜಿಯಲ್ಲಿ ಮಾತ್ರ ‘ಐ’ ಹಾಕಿ ಪೂರ್ತಿ ವಾಕ್ಯ ಬರೆಯಿರಿ.

ಹೊರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಜನರಲ್ ಟ್ರೈನಿಂಗ್ ವಿಭಾಗ ಬರೆಯುವವರಿಗೆ ಇದು ಮುಖ್ಯ. ಅಲ್ಲಿ ಬರವಣಿಗೆಯ ಮೊದಲ ಪ್ರಶ್ನೆಯೇ ಪತ್ರ. ಕನಿಷ್ಠ 150 ಪದ, ಅದಕ್ಕೆ 20 ನಿಮಿಷ ಇಟ್ಟುಕೊಳ್ಳಿ ಅನ್ನುತ್ತಾರೆ. ಪತ್ರ ಅಂದಮೇಲೆ ಕೊನೆಯ ಸಾಲು ಇದ್ದೇ ಇರುತ್ತದೆ. ಮೌಲ್ಯಮಾಪಕರು ಕೊನೆಯದಾಗಿ ಓದುವ ವಾಕ್ಯ ಅದು, ಅದರಲ್ಲೇ ‘ಟು ಹಿಯರ್’ ಅಂತಿದ್ದರೆ ಬಾಗಿಲಲ್ಲಿ ಎಡವಿದ ಹಾಗೆ.

ಚುಕ್ಕಿಯೋ, ಅಲ್ಪವಿರಾಮವೋ ಅಂತ ಬಹಳ ಜನಕ್ಕೆ ಗೊಂದಲ ಇದೆ. ಶಾಲೆಯ ರಜಾ ಅರ್ಜಿ ನೆನಪಿದೆಯಾ, ‘ಥ್ಯಾಂಕಿಂಗ್ ಯು,’ ಅಂತ ಬರೆದು ಅಲ್ಪವಿರಾಮ ಹಾಕಿ ಕೆಳಗೆ ‘ಯುವರ್ಸ್ ಒಬೀಡಿಯಂಟ್ಲಿ’. ಅದು ಹಳೇ ಕಾಲದ ಪತ್ರದ ಬಾಲ. ಆಗ ‘ನಿಮ್ಮ ಉತ್ತರವನ್ನು ಎದುರು ನೋಡುತ್ತಾ, ಐ ರಿಮೇನ್, ಯುವರ್ಸ್ ಫೇತ್‌ಫುಲಿ’ ಅಂತ ಸಹಿಯವರೆಗೂ ಒಂದೇ ವಾಕ್ಯ ಓಡುತ್ತಿತ್ತು, ಹಾಗಾಗಿ ಮಧ್ಯೆ ಅಲ್ಪವಿರಾಮ ಬೇಕಿತ್ತು. ಕನ್ನಡ ಕಾಗದಗಳಲ್ಲೂ ‘ನಿಮ್ಮ ಉತ್ತರದ ನಿರೀಕ್ಷೆಯಲ್ಲಿ, ಇಂತಿ ನಿಮ್ಮ ವಿಶ್ವಾಸಿ’ ಅಂತ ಬರೆಯುತ್ತಿದ್ದೆವು, ಅದೂ ಹಾಗೇ ಸಹಿಯವರೆಗೆ ಓಡುವ ವಾಕ್ಯ. ಈಗ ‘ಐ ರಿಮೇನ್’ ಯಾರೂ ಬರೆಯುವುದಿಲ್ಲ. ಅದರ ಜೊತೆಗೇ ಅಲ್ಪವಿರಾಮದ ಕೆಲಸವೂ ಹೋಯಿತು. ಸುಮ್ನೆ ಚುಕ್ಕಿ ಇಡಿ, ಕೆಳಗಿನ ಸಾಲಿನಲ್ಲಿ ರಿಗಾರ್ಡ್ಸ್ ಬರೆಯಿರಿ.

ಎಲ್ಲಿ ಬಳಸಬಾರದು

ವ್ಯಾಕರಣ ಸರಿ ಮಾಡಿಕೊಂಡವರೂ ಎಡವುವ ಜಾಗ ಇದು. ‘ಲುಕ್ ಫಾರ್ವರ್ಡ್ ಟು’ದಲ್ಲಿ ಖುಷಿ ಇದೆ. ಬರಲಿರುವುದು ಒಳ್ಳೆಯದು, ಅದು ಬೇಗ ಬರಲಿ ಅನ್ನುವ ಭಾವ. ನಮ್ಮ ‘ನಿರೀಕ್ಷೆ’ಯಂತೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುವ ಪದ ಅಲ್ಲ. ನಾಳೆ ಮಳೆ ಜೋರಾಗಿ ಬಂದು ಊರು ಮುಳುಗುತ್ತದೆ ಅಂತ ‘ಲುಕಿಂಗ್ ಫಾರ್ವರ್ಡ್ ಟು ಫ್ಲಡ್ಸ್’ ಅನ್ನಲಾಗದು. ಒಮ್ಮೆ ನಮ್ಮ ಆಫೀಸಿನಲ್ಲಿ ಒಬ್ಬರ ತಂದೆ ತೀರಿಹೋಗಿ, ವೈಕುಂಠ ಸಮಾರಾಧನೆಗೆ ಕರೆದು ಮೇಲ್ ಹಾಕಿದ್ದರು. ಪಾಪ, ಒಬ್ಬ ಹುಡುಗ ಗೌರವದಿಂದಲೇ ‘ಐ ಲುಕ್ ಫಾರ್ವರ್ಡ್ ಟು ಅಟೆಂಡಿಂಗ್’ ಅಂತ ಉತ್ತರ ಬರೆದ, ಅದೂ ಎಲ್ಲರಿಗೂ ಹೋಗುವ ಹಾಗೆ. ವ್ಯಾಕರಣಕ್ಕೆ ನೂರಕ್ಕೆ ನೂರು. ಸಾವಿನ ಮನೆಯ ಊಟಕ್ಕೆ ಕುತೂಹಲದಿಂದ ಕಾಯುತ್ತಿದ್ದೇನೆ ಅಂದ ಹಾಗಾಯಿತು. ಅಲ್ಲಿ ‘ಐ ವಿಲ್ ಬಿ ದೇರ್’ ಸಾಕು, ನಾಲ್ಕೇ ಪದದ ಮಾತು.

‘ನಾಟ್’ ಹಾಕಿದರೆ ಮಾತ್ರ ಅದೇ ಖುಷಿ ತಲೆಕೆಳಗಾಗಿ ಒಳ್ಳೇ ತಮಾಷೆ ಆಗುತ್ತದೆ. ‘ಐ ಆಮ್ ನಾಟ್ ಲುಕಿಂಗ್ ಫಾರ್ವರ್ಡ್ ಟು ಮಂಡೇ’ ಅಂದರೆ ಸೋಮವಾರ ನೆನೆಸಿಕೊಂಡರೇ ಹೊಟ್ಟೆ ತೊಳಸುತ್ತದೆ ಅಂತ ಅರ್ಥ.

ಇನ್ನೊಂದು ಕಡೆ ಇದು ದುಡಿಯುವುದಿಲ್ಲ. ಇದು ಸೌಜನ್ಯದ ಸಾಲು, ಕೆಲಸ ಮಾಡಿಸುವ ಸಾಲಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಟ್ಟಾಗ ಅಡ್ವಾನ್ಸ್ ವಾಪಸ್ ಕೊಡಿ ಅಂತ ಓನರ್‌ಗೆ ನಾನು ಮೇಲ್ ಬರೆದೆ. ವಿದೇಶದಲ್ಲಿದ್ದ ಅವರ ಮಗನಿಗೆ ಅಂತ ಇಂಗ್ಲಿಷ್‌ನಲ್ಲೇ ಬರೆದೆ. ಕೊನೆಗೆ ಬಹಳ ಸಭ್ಯವಾಗಿ ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’. ಒಂದು ತಿಂಗಳು ಸುದ್ದಿ ಇಲ್ಲ. ಎರಡನೇ ಮೇಲ್‌ನಲ್ಲಿ ಆ ಸಾಲು ತೆಗೆದು ‘ಪ್ಲೀಸ್ ಟ್ರಾನ್ಸ್‌ಫರ್ ದಿ ಅಮೌಂಟ್ ಬೈ ಫ್ರೈಡೇ’ ಅಂತ ತಾರೀಖು ಸಮೇತ ಬರೆದೆ, ಗುರುವಾರ ರಾತ್ರಿ ಪೇಂಟಿಂಗ್ ದುಡ್ಡು ಹಿಡಿದುಕೊಂಡು ಉಳಿದಿದ್ದು ಬಂತು. ನಿಮಗೆ ಉತ್ತರ ಯಾವಾಗ ಬೇಕು ಅನ್ನುವುದು ಗೊತ್ತಿದ್ದರೆ ಅದನ್ನೇ ಬರೆಯಿರಿ. ‘ಕುಡ್ ಯು ರಿಪ್ಲೈ ಬೈ ವೆಡ್ನೆಸ್‌ಡೇ’ ಅನ್ನುವುದು ಒರಟಲ್ಲ. ಅದಕ್ಕಿಂತ ‘ಐ ಆಮ್ ವೇಟಿಂಗ್ ಫಾರ್ ಯುವರ್ ರಿಪ್ಲೈ’ ಒರಟು. ವ್ಯಾಕರಣ ಸರಿ ಇದ್ದರೂ ಓದುವವರಿಗೆ ಮನೆ ಬಾಗಿಲಲ್ಲಿ ಕೈಕಟ್ಟಿ ನಿಂತ ಸಾಲ ಕೊಟ್ಟವನ ಮುಖ ಕಾಣುತ್ತದೆ. ‘ಎಕ್ಸ್‌ಪೆಕ್ಟಿಂಗ್ ಯುವರ್ ರಿಪ್ಲೈ’ ಇನ್ನೂ ಜೋರು, ಉತ್ತರ ಕೊಡುವುದು ನಿಮ್ಮ ಕರ್ತವ್ಯ ಅಂದ ಹಾಗೆ. ‘ಅವೇಟಿಂಗ್ ಯುವರ್ ರಿಪ್ಲೈ’ ಹಳೇ ಗುಮಾಸ್ತರ ಭಾಷೆ, ತಪ್ಪೇನಿಲ್ಲ, ಸ್ವಲ್ಪ ಧೂಳು ಹಿಡಿದಿದೆ.

ಪ್ರತಿ ಮೇಲ್‌ಗೂ ಇದನ್ನು ಅಂಟಿಸುವುದೂ ಬೇಡ. ‘ಓಕೆ, ನೋಟೆಡ್’ ಅಂತ ಎರಡು ಪದದ ಉತ್ತರ ಬರೆದು ಕೆಳಗೆ ‘ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಅಂದರೆ ಇನ್ನೇನು ಹೇಳಬೇಕು ಅಂತ ಅವರು ತಲೆ ಕೆರೆದುಕೊಳ್ಳುತ್ತಾರೆ. ಸಿಗ್ನೇಚರ್‌ನಲ್ಲೇ ಈ ಸಾಲು ಸೇರಿಸಿಟ್ಟವರನ್ನು ನೋಡಿದ್ದೇನೆ. ರಾಜೀನಾಮೆ ಪತ್ರದ ಕೆಳಗೂ ಅದು ಹೋಗಿತ್ತು.

ಏನನ್ನು ಎದುರು ನೋಡುತ್ತಿದ್ದೀರಿ ಅಂತ ನಿರ್ದಿಷ್ಟವಾಗಿ ಬರೆದರೆ ಈ ಸಾಲಿಗೆ ಜೀವ ಬರುತ್ತದೆ, ಇದು ನನ್ನ ಅಭಿಪ್ರಾಯ. ಸಂದರ್ಶನ ನಿಗದಿ ಆಗಿದ್ದರೆ ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು ಆನ್ ದಿ ಟ್ವೆಲ್ತ್’. ಮದುವೆಗೆ ಕರೆದಿದ್ದರೆ ‘ವಿ ಆರ್ ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ಯು ಆಲ್ ಇನ್ ಧಾರವಾಡ’. ಹೊಸ ಟೀಮ್‌ಗೆ ಸೇರುತ್ತಿದ್ದರೆ ‘ಟು ವರ್ಕಿಂಗ್ ವಿತ್ ಯು’. ಉತ್ತರ ಅಷ್ಟೇ ಬೇಕಿದ್ದರೆ ‘ಟು ಯುವರ್ ರಿಪ್ಲೈ’ ಅಂದುಬಿಡಿ, ಕ್ರಿಯಾಪದವೇ ಇಲ್ಲ, ಹಿಯರಾ ಹಿಯರಿಂಗಾ ಅನ್ನುವ ತಲೆನೋವೂ ಇಲ್ಲ. ನೆನಪು ಕೈಕೊಟ್ಟ ದಿನ ನಾನು ಮಾಡುವುದು ಇದನ್ನೇ.

‘ನಮ್ಮ ಇಂಗ್ಲಿಷ್ ನಮ್ಮದು, ಪ್ರಿಪೋನ್ ಅಂತೀವಿ, ಡು ದಿ ನೀಡ್‌ಫುಲ್ ಅಂತೀವಿ, ಇದೂ ಇರಲಿ ಬಿಡಿ’ ಅನ್ನುವವರಿದ್ದಾರೆ. ಪ್ರಿಪೋನ್ ನನಗೂ ಇಷ್ಟ, ಅದು ಇಲ್ಲದ ಒಂದು ಪದದ ಜಾಗ ತುಂಬಿತು. ‘ಡು ದಿ ನೀಡ್‌ಫುಲ್’ ಬ್ರಿಟಿಷರೇ ಬಿಟ್ಟುಹೋದ ಹಳೇ ಸಾಮಾನು, ಅವರು ಬಳಸುವುದು ನಿಲ್ಲಿಸಿದರು, ನಾವು ಇಟ್ಟುಕೊಂಡಿದ್ದೇವೆ. ‘ಟು ಹಿಯರ್’ ಇಂಥದ್ದಲ್ಲ, ಅದು ಯಾವ ಕೊರತೆಯನ್ನೂ ತುಂಬುತ್ತಿಲ್ಲ, ಸುಮ್ನೆ ಕೈ ಜಾರಿದ್ದು.

ಒಂದು ಕೆಲಸ ಮಾಡಿ ನೋಡಿ. ನಿಮ್ಮ ಮೇಲ್‌ನ ಸೆಂಟ್ ಫೋಲ್ಡರ್‌ಗೆ ಹೋಗಿ, ಸರ್ಚ್‌ನಲ್ಲಿ ‘ಫಾರ್ವರ್ಡ್ ಟು ಹಿಯರ್ ಫ್ರಮ್’ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಎಷ್ಟು ಸಲ ಬರೆದಿದ್ದೀರಿ, ಯಾರಿಗೆಲ್ಲ ಬರೆದಿದ್ದೀರಿ ಅಂತ ಸಾಲಾಗಿ ಬರುತ್ತದೆ. ನಾನು ಮೊನ್ನೆ ಮಾಡಿದೆ. ಪಟ್ಟಿ ಕೆಳಗೆ ಕೆಳಗೆ ಎಳೆದಷ್ಟೂ ಹಳೇ ಅರ್ಜಿಗಳು. ಅವುಗಳ ನಡುವೆ ಒಂದು ಅರ್ಜಿ ಆ ಕುಂದಾಪುರದ ಬಾಸ್ ಹೆಸರಿಗೇ ಹೋಗಿತ್ತು. ಸಂದರ್ಶನಕ್ಕೆ ಕರೆದಿದ್ದೂ ಅವರೇ, ಕೆಲಸ ಕೊಟ್ಟಿದ್ದೂ ಅವರೇ. ಅಂದರೆ ಅವರು ಮೊದಲ ದಿನವೇ ನೋಡಿದ್ದಾರೆ, ನೋಡಿ ಒಂದೂವರೆ ವರ್ಷ ಸುಮ್ಮನಿದ್ದಾರೆ.